ತಾಂತ್ರಿಕ ಪ್ರೌಢಶಾಲೆಯಲ್ಲಿ ಸಂಗೀತವೂ ಒಂದು ಕಸುಬು

ತಾಂತ್ರಿಕ ಪ್ರೌಢಶಾಲೆಯಲ್ಲಿ ಸಂಗೀತಕ್ಕೇನು ಕೆಲಸ ಎಂದು ಕೇಳುವ ಮುಖ್ಯೋಪಾಧ್ಯಾಯರಿಗೆ ನಾನು ಮೊದಲು ಹೇಳುವುದು ಅಮೆರಿಕದ ಡೆಟ್ರಾಯಿಟ್ ನಗರದ ಕ್ಯಾಸ್ ಟೆಕ್ನಿಕಲ್ ಹೈಸ್ಕೂಲಿನ ವಿಚಾರ. ಮೋಟಾರು ಕಾರ್ಖಾನೆಗಳ ಆ ಊರಿನಲ್ಲಿ 1907ರಲ್ಲಿ ಆರಂಭವಾದ ಈ ಸರ್ಕಾರಿ ಶಾಲೆಯಲ್ಲಿ ವಿದ್ಯಾರ್ಥಿಗಳು ಒಂದೊಂದು ವಿಶೇಷ ವಿಭಾಗವನ್ನು ಆರಿಸಿಕೊಂಡು ಕಲಿಯುತ್ತಿದ್ದರು. ಯಂತ್ರ, ವಿದ್ಯುತ್ತು, ನಕ್ಷೆಗಳ ಸಾಲಿನಲ್ಲಿ ಸಂಗೀತವೂ ಅಂಥದ್ದೇ ಒಂದು ವಿಭಾಗವಾಗಿತ್ತು. ಅದು ಬಿಡುವಿನ ವೇಳೆಯ ಹವ್ಯಾಸವಾಗಿರದೆ, ವೇಳಾಪಟ್ಟಿಯಲ್ಲಿ ನಿಗದಿತ ಅವಧಿಯಿದ್ದ, ಶಾಲೆಯದೇ ವಾದ್ಯಗಳಿದ್ದ ಕಲಿಕೆಯಾಗಿತ್ತು. ಆ ಶಾಲೆಯ ಸಾಧನೆಗೆ ಇದೇ ಮೂಲವೆಂದು ನಾನು ನಂಬಿದ್ದೇನೆ.

ಎತ್ತರದ ಚೌಕಟ್ಟಿಗೆ ಬಿಗಿದ ತಂತಿಗಳನ್ನು ಎರಡೂ ಕೈಬೆರಳುಗಳಿಂದ ಮೀಟುವ ವಾದ್ಯವಾದ ಹಾರ್ಪಿನ ಪಾಠ ಅಲ್ಲಿ 1925ರಲ್ಲೇ ಆರಂಭವಾಯಿತು. ದೊಡ್ಡ ವಾದ್ಯವೃಂದಗಳಲ್ಲಿ ನುಡಿಸುವ ಹಾರ್ಪಿಗೆ 47 ತಂತಿಗಳು, 7 ಪೆಡಲುಗಳು. ಸಪ್ತಸ್ವರಗಳ ಒಂದೊಂದಕ್ಕೂ ಒಂದೊಂದು ಪೆಡಲಿದ್ದು, ಅದನ್ನು ಮೂರು ಸ್ಥಾನಗಳಲ್ಲಿ ನಿಲ್ಲಿಸಬಹುದು. ಕಾಲಿನಿಂದ ಒತ್ತಿದಾಗ ಕಂಬದೊಳಗೆ ಹಾದುಹೋಗುವ ಸರಳು ಮೇಲಿನ ಬಿಲ್ಲೆಗಳನ್ನು ತಿರುಗಿಸಿ, ಆ ಸ್ವರದ ಬಹುತೇಕ ಎಲ್ಲ ತಂತಿಗಳನ್ನೂ ಒಮ್ಮೆಗೇ ಅರ್ಧ ಸ್ವರ ಏರಿಸುತ್ತದೆ. ಯಂತ್ರಶಾಸ್ತ್ರ ಕಲಿಯುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗುವುದು ಕಷ್ಟ. ಆದರೆ ಕಾರ್ಮಿಕರ ಮನೆಯವರು ಕೊಳ್ಳಬಹುದಾದ ವಾದ್ಯ ಇದಲ್ಲ. ಶಾಲೆಯ ಹಾರ್ಪುಗಳು ಇದ್ದುದರಿಂದಲೇ ಡೊರೊಥಿ ಆಶ್ಬಿಯವರಂಥ ಕಪ್ಪು ಜನಾಂಗದ ವಿದ್ಯಾರ್ಥಿನಿಗೆ ಆ ವಾದ್ಯದ ಬಳಿ ಕೂರುವ ದಾರಿ ತೆರೆಯಿತು. 1950ರ ದಶಕದಲ್ಲಿ ಅವರು ಹಾರ್ಪನ್ನು ಜಾಝ್ ಸಂಗೀತದೊಳಕ್ಕೆ ತಂದರು.

ರಾನ್ ಕಾರ್ಟರ್ ಅವರ ಉದಾಹರಣೆ ಇನ್ನೂ ಸ್ಪಷ್ಟ. ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೊ ನುಡಿಸುತ್ತಿದ್ದ ಆ ಹುಡುಗ, ಕಪ್ಪು ವರ್ಣದವನೆಂಬ ಕಾರಣಕ್ಕೆ ಅವಕಾಶಗಳು ಕೈತಪ್ಪುತ್ತಿದ್ದುದನ್ನು ಕಂಡು, ಶಾಲೆಯ ವಾದ್ಯವೃಂದದಲ್ಲಿ ಇನ್ನೂ ದೊಡ್ಡದಾದ, ತಗ್ಗು ಸ್ವರದ ಬೇಸ್ ವಾದ್ಯ ನುಡಿಸುವವನ ಸ್ಥಾನ ತೆರವಾಗುವ ಹೊತ್ತಿಗೆ ಬೇಸ್ ಹಿಡಿದ. ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ಮೊದಲು ಪಾಲ್ ಚೇಂಬರ್ಸ್, 1963ರಿಂದ ಕಾರ್ಟರ್, ಹೀಗೆ ಒಬ್ಬರ ನಂತರ ಒಬ್ಬರಂತೆ ಬೇಸ್ ನುಡಿಸಿದ ಇಬ್ಬರೂ ಇದೇ ತಾಂತ್ರಿಕ ಶಾಲೆಯಲ್ಲಿ ಓದಿದವರು. ಪಿಯಾನೊ ವಾದಕಿ ಜೆರಿ ಆಲನ್, ಪಿಟೀಲು ವಾದಕಿ ರೆಜಿನಾ ಕಾರ್ಟರ್ ಮುಂದಿನ ಪೀಳಿಗೆಯವರು. ಖಾಯಂ ವಾದ್ಯವೃಂದವಿಲ್ಲದ ಶಾಲೆಯಲ್ಲಿ ತೆರವಾಗುವ ಸ್ಥಾನವೂ ಇರುವುದಿಲ್ಲ, ಅದನ್ನು ತುಂಬಲು ಮುಂದೆ ಬರುವ ಹುಡುಗನೂ ಇರುವುದಿಲ್ಲ.

ನಾನು ಕಂಡ ನಮ್ಮ ತಾಂತ್ರಿಕ ಶಾಲೆಗಳಲ್ಲಿ ಸಂಗೀತವೆಂದರೆ ಬಹುಮಟ್ಟಿಗೆ ಪ್ರಾರ್ಥನೆ, ನಾಡಗೀತೆ ಮತ್ತು ವಾರ್ಷಿಕೋತ್ಸವ. ವೃತ್ತಿಶಿಕ್ಷಣ ಮತ್ತು ಕಲೆಗಳ ನಡುವೆ ಗಟ್ಟಿ ಗೋಡೆ ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ವೇಳಾಪಟ್ಟಿಗೆ ಆ ಮಾತು ಇಳಿಯಬೇಕಾಗಿದೆ. ಹಾರ್ಪ್ ನಮಗೆ ಬೇಕಾಗಿಲ್ಲ, ವೀಣೆಯಿದೆ. ಪಾಠದಲ್ಲಿ ನಾನು ಮೊದಲು ಮಕ್ಕಳ ಕೈಗೆ ಅಳತೆಪಟ್ಟಿ ಕೊಡುತ್ತೇನೆ. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯಿಂದ ಮೇಲಿನ ಅಂಚಿನವರೆಗೆ ತಂತಿಯ ಉದ್ದವನ್ನು ಅಳೆದು, ಮೂರರಲ್ಲಿ ಎರಡು ಪಾಲು ಉಳಿಯುವಂತೆ ಒತ್ತಿದರೆ ಪಂಚಮ, ಅರ್ಧ ಉಳಿಯುವಂತೆ ಒತ್ತಿದರೆ ಮೇಲಿನ ಷಡ್ಜ ಎಂದು ಅವರೇ ಕಂಡುಕೊಳ್ಳುತ್ತಾರೆ. ಆದರೆ ತಂತಿಯ ಕೆಳಗೆ ಮೇಣದಲ್ಲಿ ಕೂರಿಸುವ ಅಡ್ಡಪಟ್ಟಿಗಳಾದ ಇಪ್ಪತ್ತನಾಲ್ಕು ಮೆಟ್ಟುಗಳಲ್ಲಿ ಹನ್ನೆರಡನೆಯದನ್ನು ಲೆಕ್ಕಕ್ಕೆ ಸರಿಯಾಗಿ ಅರ್ಧದಲ್ಲೇ ಕೂರಿಸಿದರೆ ಸ್ವರ ಕೊಂಚ ಏರಿ ಕೇಳಿಸುತ್ತದೆ. ಒತ್ತಿದಾಗ ತಂತಿಯ ಬಿಗಿತ ಹೆಚ್ಚುವುದೇ ಇದಕ್ಕೆ ಕಾರಣ. ಮೆಟ್ಟನ್ನು ತಂತಿ ಬಿಗಿಸುವ ಬಿರಡೆಗಳ ಕಡೆಗೆ ಕೂದಲೆಳೆಯಷ್ಟು ಸರಿಸಿದಾಗ ಶ್ರುತಿ ಕೂಡುತ್ತದೆ. ಸೂತ್ರಕ್ಕೂ ವಸ್ತುವಿಗೂ ನಡುವಿನ ಅಂತರವನ್ನು ಕಿವಿಯಿಂದ ತಿದ್ದುವ ಈ ಅಭ್ಯಾಸ ಲೇತ್ ಯಂತ್ರದ ಮುಂದೆ ನಿಲ್ಲುವವರಿಗೂ ಬೇಕಾದದ್ದೇ.

ಆರಂಭಿಸಲು ಇಚ್ಛಿಸುವ ಶಾಲೆ ವಾರಕ್ಕೆ ಎರಡು ಜೋಡಿ ಅವಧಿಗಳನ್ನು ಕಾರ್ಯಾಗಾರದ ಅವಧಿಯಂತೆಯೇ ಕಾಯ್ದಿರಿಸಲಿ. ಮೊದಲ ಹಣ ವೇದಿಕೆಯ ಧ್ವನಿವರ್ಧಕಕ್ಕೆ ಹೋಗದೆ ನಾಲ್ಕಾರು ವಾದ್ಯಗಳಿಗೂ ವರ್ಷವಿಡೀ ಬೇಕಾಗುವ ತಂತಿ, ರಿಪೇರಿಗಳಿಗೂ ಹೋಗಲಿ. ವಾದ್ಯಗಳನ್ನು ಬೀರುವಿನಲ್ಲಿ ಬೀಗ ಹಾಕಿಡದೆ, ಗ್ರಂಥಾಲಯದ ಪುಸ್ತಕದಂತೆ ಸಹಿ ಪಡೆದು ಶನಿವಾರ ಮನೆಗೆ ಕೊಟ್ಟು, ಸೋಮವಾರ ಶ್ರುತಿ ನೋಡಿ ಹಿಂಪಡೆಯಲಿ.