ಕರಗಲಿಲ್ಲ, ಆದರೂ ಬಾಗಿತು

ಕಳೆದ ಏಪ್ರಿಲ್‌ನಲ್ಲಿ ಅಕ್ಕನ ಮಗನ ಜೊತೆ ದಾವಣಗೆರೆಯಿಂದ ಚಿತ್ರದುರ್ಗದ ಕೋಟೆಗೆ ಹೋಗಿದ್ದೆ. ಅವನು ಮನೆಯಲ್ಲೇ ಎಪಾಕ್ಸಿ ರೆಸಿನ್ನನ್ನು, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ಕನ್ನು, ಅಚ್ಚಿಗೆ ಹುಯ್ದು ಕೀಬೋರ್ಡಿನ ಕೀಕ್ಯಾಪ್ (ಬೆರಳು ಒತ್ತುವ ಗುಂಡಿಯ ಟೋಪಿ) ಮಾಡುತ್ತಾನೆ. ಗೆಳೆಯನಿಗೆ ಕೊಡೋಣ ಅಂತ ನಾಲ್ಕು ತಂದಿದ್ದ. ಅವನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟು, ಜಾರದಿರಲಿ ಅಂತ ಮೇಲೊಂದು ನೀರಿನ ಬಾಟಲಿ ಹೇರಿ ಹೋದೆವು. ಮೂರು ಗಂಟೆ ಬಿಟ್ಟು ಬಂದರೆ ಒಂದು ಕ್ಯಾಪು ಸೊಟ್ಟಗಾಗಿತ್ತು. ಸ್ವಿಚ್ಚನ್ನು ಕಚ್ಚಿಕೊಳ್ಳುವ ಕೂಡು ಗುರುತಿನಂಥ ತೂತು ಒಂದು ಕಡೆ ಬಾಯಿ ಬಿಟ್ಟಿತ್ತು.

"ಮಾಮ, ಈ ರೆಸಿನ್ ಕರಗೋದೇ ಇಲ್ಲ ಅಂದಿದ್ರಲ್ಲ?"

ಕರಗಿರಲಿಲ್ಲ, ನಿಜ. ಪ್ಲಾಸ್ಟಿಕ್ ಅಂದ ಕೂಡಲೇ ಎಲ್ಲರೂ ಎಷ್ಟು ಡಿಗ್ರಿಗೆ ಕರಗುತ್ತೆ ಅಂತ ಕೇಳುತ್ತಾರೆ. ಕೇಳಬೇಕಾದದ್ದು ಎಷ್ಟು ಡಿಗ್ರಿಗೆ ಮೆತ್ತಗಾಗುತ್ತೆ ಅಂತ. ಇದನ್ನು ದಾವಣಗೆರೆಯವರಿಗೆ ಹೇಳಿಕೊಡುವುದು ಸುಲಭ. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳಿವೆ.

ಅಕ್ಕಿಯ ಪಿಷ್ಟವೂ ಪ್ಲಾಸ್ಟಿಕ್ಕಿನ ಹಾಗೆ ಉದ್ದುದ್ದ ಅಣುಸರಪಳಿಗಳ ಗಂಟುಮೂಟೆ. ಕಾದ ಮರಳಿಗೆ ಬಿದ್ದ ಕಾಳಿನಲ್ಲಿ ಆ ಸರಪಳಿಗಳು ಸಡಿಲವಾಗಿ ಅಲುಗಾಡತೊಡಗುತ್ತವೆ. ಕಾಳು ರಬ್ಬರಿನಂತಾಗುತ್ತದೆ. ಒಳಗಿನ ನೀರು ಆವಿಯಾಗಿ ಅದನ್ನು ಉಬ್ಬಿಸುತ್ತದೆ. ಹೊರಗೆ ಬಂದು ಆರಿದೊಡನೆ ಸರಪಳಿಗಳು ಇದ್ದಲ್ಲೇ ಬಿಗಿದು ನಿಲ್ಲುತ್ತವೆ. ಗರಿಗರಿ ಮಂಡಕ್ಕಿ ಅಂದರೆ ಒಂಥರಾ ಗಾಜು! ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಗಾಳಿಯ ತೇವ ಸರಪಳಿಗಳ ನಡುವೆ ನುಸುಳಿ, ಕೀಲಿಗೆ ಎಣ್ಣೆ ಬಿಟ್ಟ ಹಾಗೆ ಅವನ್ನು ಸಡಿಲಿಸುತ್ತದೆ. ಮಂಡಕ್ಕಿ ಮೆತ್ತಗಾಗುತ್ತದೆ. ಅದು ಕರಗಿತು ಅಂತ ಯಾರಾದರೂ ಹೇಳ್ತಾರಾ? ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತೇವ ಓಡಿಸಿದರೆ ಮತ್ತೆ ಗರಿಗರಿ. ಗಾಜಿನಂಥ ಬಿಗಿ ಬಿಟ್ಟು ರಬ್ಬರಿನಂತಾಗುವ ಈ ಹಂತಕ್ಕೆ ಗ್ಲಾಸ್ ಟ್ರಾನ್ಸಿಶನ್ ಅಂತ ಹೆಸರು.

ಎಬಿಎಸ್ ಪ್ಲಾಸ್ಟಿಕ್ಕಿನ ಕೀಕ್ಯಾಪ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಗಿಯಾಗಿರುತ್ತದೆ. ಮನೆಯ ತ್ರೀಡಿ ಪ್ರಿಂಟರಿನಲ್ಲಿ ಬಳಸುವ ಪಿಎಲ್‌ಎ ಕರಗುವುದು 170ರ ಆಸುಪಾಸಿನಲ್ಲಿ, ಮೆತ್ತಗಾಗುವುದು ಮಾತ್ರ 60ಕ್ಕೇ. ಕೀಕ್ಯಾಪಿಗೆ ಬಳಸುವ ಇನ್ನೊಂದು ಪ್ಲಾಸ್ಟಿಕ್ಕು ಪಿಬಿಟಿ, ಅದರ ಕಥೆ ಬೇರೆ. ಅದರಲ್ಲಿ ಸಡಿಲಾಗುವ ಭಾಗ 50–60 ಡಿಗ್ರಿಗೇ ಸಡಿಲಾಗುತ್ತದೆ. ಆದರೆ ಉಳಿದ ಸರಪಳಿಗಳು ಹರಳುಗಳಾಗಿ ಒತ್ತೊತ್ತಾಗಿ ಕೂತಿರುತ್ತವೆ. ಆ ಹರಳು ಕರಗಲು ಸುಮಾರು 225 ಡಿಗ್ರಿ ಬೇಕು. ಅದಕ್ಕೇ ಬಿಸಿಯಲ್ಲಿ ಬಣ್ಣವನ್ನು ಆವಿಯಾಗಿಸಿ ಅಕ್ಷರ ಇಳಿಸುವ ಕೆಲಸಕ್ಕೆ ಪಿಬಿಟಿಯನ್ನೇ ಆರಿಸುತ್ತಾರೆ. ಅದು ಪಾಲಿಯೆಸ್ಟರ್ ಅಂಗಿಯ ದಾಯಾದಿ.

ಹಾಗಾದರೆ ಕರಗದ ರೆಸಿನ್ ಯಾಕೆ ಬಾಗಿತು? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1830ರ ದಶಕದ ರಬ್ಬರ್ ಸಾಮಾನು ಬೇಸಿಗೆಯಲ್ಲಿ ಅಂಟಾಗುತ್ತಿತ್ತು, ಚಳಿಯಲ್ಲಿ ಬಿರುಕು ಬಿಡುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ. ಸರಪಳಿ ಸರಪಳಿಗೆ ಗಂಟು ಬಿತ್ತು. ರಬ್ಬರ್ ಕರಗುವುದು ನಿಂತಿತು, ಬಾಗುವುದು ನಿಲ್ಲಲಿಲ್ಲ. ಎಪಾಕ್ಸಿಯಲ್ಲೂ ಇಂಥದ್ದೇ ಗಂಟುಗಳಿವೆ. ಬಲೆಯ ಗಂಟು ಬಿಚ್ಚದಿದ್ದರೂ ಬಲೆ ಮಡಚುತ್ತದೆ, ಅಲ್ವಾ? ಸುಮ್ನೆ ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿಗೆ ಸಡಿಲಾಗುತ್ತದೆ. ನಮ್ಮ ಕಡೆಯ ಬೇಸಿಗೆ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ದಾಟುತ್ತದೆ.

ಕೀಕ್ಯಾಪ್ ಮಾಡುವವರು ಒಂದು ಕೆಲಸ ಮಾಡಬಹುದು. ಗಟ್ಟಿಯಾದ ಮೇಲೆ, ರೆಸಿನ್ ಜೊತೆ ಬಂದ ಚೀಟಿಯಲ್ಲಿ ಹೇಳಿದಷ್ಟೇ ಬಿಸಿಯಲ್ಲಿ ಕೆಲವು ಗಂಟೆ ಇಟ್ಟರೆ ಇನ್ನಷ್ಟು ಗಂಟು ಬಿದ್ದು ತಾಳಿಕೆ ಹೆಚ್ಚುತ್ತದೆ.

ಮನೆಗೆ ಬಂದವನೇ ಆ ಸೊಟ್ಟ ಕ್ಯಾಪನ್ನು ಎಸೆಯಲು ಹೊರಟಿದ್ದ. ತಡೆದೆ. ನೀರು ಚೆನ್ನಾಗಿ ಕಾಯಿಸಿ, ಒಲೆಯಿಂದ ಇಳಿಸಿ, ಅದರೊಳಗೆ ಹಾಕಿದೆ. ಯಾರೂ ಕೈ ಹಚ್ಚಲಿಲ್ಲ. ಅಚ್ಚಿನಲ್ಲಿದ್ದಾಗ ಬಿದ್ದ ಗಂಟುಗಳು ಸರಪಳಿಗಳನ್ನು ಹಳೆಯ ಜಾಗಕ್ಕೆ ಎಳೆದುಕೊಂಡವು. ಪಾತ್ರೆಯ ತಳದಲ್ಲಿ ಕ್ಯಾಪು ಮೆಲ್ಲಗೆ ನೆಟ್ಟಗಾಗುವುದನ್ನು ಇಬ್ಬರೂ ಬಗ್ಗಿ ನೋಡಿದೆವು.