ಪೊಟರೆಗಿಂತ ಬುಡ ನೋಡಿ

ಏಪ್ರಿಲ್–ಮೇ ಬಂತೆಂದರೆ ಬೆಂಗಳೂರಿನಲ್ಲಿ ಗಾಳಿಮಳೆಗೆ ಮರ ಬಿದ್ದ ಸುದ್ದಿ. ಹಿಂದೆಯೇ ಪೊಟರೆ ಇರುವ ಮರವನ್ನೆಲ್ಲ ಕಡಿಸಿ ಎಂಬ ಒತ್ತಾಯ. ಆದರೆ ಪೊಟರೆ ಇದ್ದ ಮಾತ್ರಕ್ಕೆ ಮರ ಬೀಳಬೇಕೆಂದಿಲ್ಲ. ಬಿದಿರಿನ ಹಾಗೆ, ಕಾಂಡದ ಬಲ ಇರುವುದು ಹೆಚ್ಚಾಗಿ ಹೊರಸುತ್ತಿನಲ್ಲಿ. ದುಂಡನೆಯ ಕಾಂಡದ ತ್ರಿಜ್ಯದಲ್ಲಿ ಒಳಗಿನ ಶೇ. 70ರಷ್ಟು ಟೊಳ್ಳಾದರೂ, ಬಾಗದೆ ನಿಲ್ಲುವ ಶಕ್ತಿ ಮುಕ್ಕಾಲು ಪಾಲು ಉಳಿದಿರುತ್ತದೆ. ಎಷ್ಟು ಟೊಳ್ಳಾದರೆ ಅಪಾಯ ಎಂದು ಜರ್ಮನಿಯ ವಿಜ್ಞಾನಿ ಕ್ಲಾಸ್ ಮ್ಯಾಟೆಕ್ ಮುರಿದ ಮರಗಳನ್ನು ನೋಡಿ ಹಾಕಿದ ಗಡಿಯೂ ಹೆಚ್ಚುಕಮ್ಮಿ ಇದೇ ಶೇ. 70. ಸುತ್ತಿನಲ್ಲಿ ಸೀಳು ಬಿಟ್ಟಿದ್ದರೆ ಮಾತ್ರ ಈ ಲೆಕ್ಕ ನಂಬಬಾರದು.

ಮರದ ಗಾಯ ನಮ್ಮದರಂತೆ ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರ ರಿಪೇರಿ ಮಾಡುವುದಿಲ್ಲ, ಸುತ್ತ ತಡೆಗೋಡೆ ಎಬ್ಬಿಸಿ ಬಂದ್ ಮಾಡುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, 1970ರ ದಶಕದಲ್ಲಿ ಇದನ್ನು ವಿವರಿಸಿದರು. ಮೇಲೆ–ಕೆಳಗಿನ ಗೋಡೆ ಬಲು ದುರ್ಬಲ, ಅದಕ್ಕೇ ಕೊಳೆ ಉದ್ದಕ್ಕೆ ಓಡುತ್ತದೆ. ಗಾಯದ ನಂತರ ಬೆಳೆದ ಹೊಸ ಪದರಕ್ಕೂ ಹಳೆಯದಕ್ಕೂ ನಡುವಿನ ಗೋಡೆ ಎಲ್ಲಕ್ಕಿಂತ ಗಟ್ಟಿ. ಕೊಂಬೆಯ ಬುಡದಲ್ಲಿ ಉಬ್ಬಿದ ಬಳೆಯನ್ನೂ ಸೇರಿಸಿ ನುಣ್ಣಗೆ ಕತ್ತರಿಸಿದರೆ ಈ ರಕ್ಷಣೆಯೇ ಕೆಡುತ್ತದೆ. ಗಾಯಕ್ಕೆ ಬಣ್ಣ ಬಳಿದರೂ ಕೊಳೆ ನಿಲ್ಲುವುದಿಲ್ಲ. ಪೊಟರೆಗೆ ಸಿಮೆಂಟ್ ತುಂಬುವುದಂತೂ ಸುಮ್ನೆ ದಂಡ.

ನನ್ನ ಪ್ರಕಾರ ನಿಜವಾದ ಭಯ ಬುಡದಲ್ಲಿದೆ. ಚರಂಡಿಗೆ, ಕೇಬಲ್ಲಿಗೆ, ಫುಟ್‌ಪಾತಿಗೆ ಅಂತ ಬೇರು ಕಡಿಯುತ್ತಾರೆ. ಆ ಗಾಯದಿಂದ ಶಿಲೀಂಧ್ರ ಒಳಗೆ ಸೇರುತ್ತದೆ. ದಪ್ಪ ಬೇರುಗಳು ಕೊಳೆಯುತ್ತಿದ್ದರೂ ಎಲೆ ಹಸಿರಾಗೇ ಇರಬಹುದು, ಏಕೆಂದರೆ ನೀರು ಹೀರಲು ಉಳಿದ ಎಳೆಬೇರುಗಳೇ ಸಾಕಾಗುತ್ತವೆ. ಆಧಾರ ಕೊಡಲು ಅವು ಸಾಲವು, ಅಲ್ವಾ? ಬುಡದಲ್ಲಿ ಮರದ ಹಾಗೇ ಗಟ್ಟಿಯಾದ, ಅರ್ಧಚಂದ್ರದ ಕಂದು ಅಣಬೆ ಕಂಡರೆ ಅದು ಬುಡ ಕೊಳೆಸುವ ಗ್ಯಾನೊಡರ್ಮ ಎಂಬ ಶಿಲೀಂಧ್ರ ಇರಬಹುದು. ಅಣಬೆ ಕಿತ್ತೆಸೆದರೆ ಏನೂ ಆಗುವುದಿಲ್ಲ. ಕಾಣುವುದು ಅದರ ಕಾಯಿ ಮಾತ್ರ, ಉಳಿದದ್ದೆಲ್ಲ ಮರದೊಳಗಿರುತ್ತದೆ.

ಪರೀಕ್ಷೆ ಶುರುವಾಗುವುದು ಮರದ ಸುತ್ತಿಗೆಯಿಂದ. ತಟ್ಟಿದಾಗ ಡೊಳ್ಳು ಸದ್ದು ಬಂದರೆ ಮುಂದಿನ ಹೆಜ್ಜೆ. ತೆಳು ಸೂಜಿಯಂಥ ಡ್ರಿಲ್ ಕಾಂಡದೊಳಗೆ ಇಳಿಯುತ್ತಾ ಎಲ್ಲಿ ತಡೆ ಕಡಿಮೆಯಾಯಿತೆಂದು ಗೆರೆ ಎಳೆಯುತ್ತದೆ. ಕಾಂಡದ ಸುತ್ತ ಸೆನ್ಸರ್ ಕಟ್ಟಿ ಒಂದೊಂದರ ಮೇಲೂ ತಟ್ಟುವ ವಿಧಾನವೂ ಇದೆ. ಕೊಳೆತಲ್ಲಿ ಸದ್ದು ನಿಧಾನವಾಗುತ್ತದೆ, ಅದರಿಂದ ಒಳಗಿನ ಚಿತ್ರ ಸಿಗುತ್ತದೆ. ಆದರೆ ಕಾಂಡಕ್ಕೆ ಕಟ್ಟಿದ ಸೆನ್ಸರಿಗೆ ಸಿಮೆಂಟಿನಡಿ ಕಡಿದ ಬೇರು ಕಾಣುವುದಿಲ್ಲ. ಅದಕ್ಕೆ ಬುಡದ ಮಣ್ಣು ಬಿಡಿಸಿಯೇ ನೋಡಬೇಕು.