114 ತಾಲ್ಲೂಕುಗಳ ಕತೆ: ಪ್ರಾದೇಶಿಕ ಅಸಮತೋಲನದ ಮಾತು ಎಲ್ಲಿಂದ ಶುರುವಾಯಿತು, ಎಲ್ಲಿಗೆ ಬಂತು?

ಸುಗ್ಗಿ ಮುಗಿದ ಮೇಲೆ ಸಂಜೆ ಹೊತ್ತು ಯಾದಗಿರಿ ಜಿಲ್ಲೆಯ ಸುರಪುರದ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲಿ. ಪ್ಲಾಸ್ಟಿಕ್ ಕೊಡದೊಳಗೆ ಅಡುಗೆ ಪಾತ್ರೆ ತುರುಕಿರುತ್ತಾರೆ. ಜೋಳದ ಚೀಲದ ಬಾಯನ್ನು ಹಳೇ ಸೀರೆಯ ಅಂಚಿನಿಂದ ಬಿಗಿದಿರುತ್ತಾರೆ. ಪುಟ್ಟ ಹುಡುಗಿಯೊಬ್ಬಳ ಹೆಗಲ ಮೇಲೆ ಸ್ಕೂಲ್ ಬ್ಯಾಗ್ ಇರುತ್ತದೆ, ಒಳಗೆ ಪುಸ್ತಕವಿಲ್ಲ, ಬಟ್ಟೆ. ಬಸ್ಸಿನ ಬೋರ್ಡಿನಲ್ಲಿ ಬೆಂಗಳೂರು ಅಂತ ಇದೆ. ದುಡಿಮೆಗಾಗಿ ಹೀಗೆ ಊರು ಬಿಡುವುದಕ್ಕೆ ನಮ್ಮ ಕಡೆ ಎರಡಕ್ಷರದ ಹೆಸರು: ಗುಳೆ. ಮುಂಗಾರಿಗೆ ವಾಪಸ್ ಬರುತ್ತಾರೆ. ಆ ಹುಡುಗಿ ಮತ್ತೆ ಶಾಲೆಗೆ ಹೋಗುತ್ತಾಳೋ ಇಲ್ಲವೋ ಹೇಳೋಕಾಗಲ್ಲ.

ನಂಜುಂಡಪ್ಪ ವರದಿ, ಸಂವಿಧಾನದ 371ಜೆ ವಿಧಿ, ಕಲ್ಯಾಣ ಕರ್ನಾಟಕ ಮಂಡಳಿ, ಏಮ್ಸ್ ಹೋರಾಟ, ಬೆಳಗಾವಿ ಅಧಿವೇಶನ. ಇವೆಲ್ಲ ಪೇಪರಿನಲ್ಲಿ ಬೇರೆ ಬೇರೆ ಸುದ್ದಿಗಳಾಗಿ ಬರುತ್ತವೆ. ಹಾಗಾಗಿ ಓದುವವರಿಗೆ ಯಾವುದು ಎಲ್ಲಿಂದ ಬಂತು ಅನ್ನೋದೇ ತಿಳಿಯುವುದಿಲ್ಲ. ಆದರೆ ಎಲ್ಲದರ ಬೇರು ಒಂದೇ. ಅದೇ ಬಸ್ ಸ್ಟ್ಯಾಂಡು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಒಂದೇ ಅಳತೆಯ ತುಂಡುಗಳು ಕೂಡಲಿಲ್ಲ. ಹಳೇ ಮೈಸೂರಿನಲ್ಲಿ ಶಿವನಸಮುದ್ರದ ವಿದ್ಯುತ್ 1902ರಲ್ಲೇ ಹರಿದಿತ್ತು. ಮೈಸೂರು ವಿಶ್ವವಿದ್ಯಾಲಯ 1916ರದ್ದು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಅಲ್ಲಿ ಕಚೇರಿಯ ಭಾಷೆ ಉರ್ದು, ರೈತನ ಭಾಷೆ ಕನ್ನಡ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ಈ ಭಾಗಕ್ಕೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾಗಿದ್ದು 1980ರಲ್ಲಿ. ಮೈಸೂರಿಗೂ ಇದಕ್ಕೂ 64 ವರ್ಷದ ಅಂತರ. ಅಂದರೆ ಎರಡು ತಲೆಮಾರಿಗೂ ಜಾಸ್ತಿ.

ಆಮೇಲಿನ ನಾಲ್ಕು ದಶಕ ಅಣೆಕಟ್ಟು, ಮಂಡಳಿ ಮತ್ತು ಸಮಿತಿಗಳ ಕಾಲ. ತುಂಗಭದ್ರಾ ಮೊದಲೇ ಕಟ್ಟಿ ಆಗಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿತ್ತು, ಆಲಮಟ್ಟಿ ದೇಶಕ್ಕೆ ಅರ್ಪಣೆಯಾಗಿದ್ದು 2006ರಲ್ಲಿ. 1983ರ ಕಾನೂನು ಮತ್ತು 1987ರ ಚುನಾವಣೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಕೈಗೆ ಸ್ವಲ್ಪ ಅಧಿಕಾರ ಬಂತು. ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಇವತ್ತಿಗೂ ನೀರು ಸಾಬ್ ಅಂತಲೇ ನೆನೆಯುತ್ತಾರೆ. ಅದೇ ಹೊತ್ತಿಗೆ ಬೆಂಗಳೂರು ಬೇರೆಯದೇ ವೇಗದಲ್ಲಿ ಓಡಲು ಶುರು ಮಾಡಿತ್ತು.

ಈ ವಿಷಯದಲ್ಲಿ ನಿಜವಾದ ತಿರುವು ಬಂದಿದ್ದು 2000ದಲ್ಲಿ. ಅಲ್ಲಿಯವರೆಗೂ 'ನಮ್ಮ ಭಾಗ ಹಿಂದುಳಿದಿದೆ' ಅನ್ನೋದು ಭಾಷಣದ ಮಾತಾಗಿತ್ತು. ಆ ವರ್ಷ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ನೇತೃತ್ವದಲ್ಲಿ ಸರ್ಕಾರ ಉನ್ನತಾಧಿಕಾರ ಸಮಿತಿ ಮಾಡಿತು. 2002ರಲ್ಲಿ ವರದಿ ಬಂತು. ಅಷ್ಟರಲ್ಲಿ ಅಳತೆಪಟ್ಟಿಯೊಂದು ಸಿದ್ಧವಾಗಿತ್ತು.

ಅಳೆದ ರೀತಿಯೇ ಹೊಸದು. ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿದರು. ಜಿಲ್ಲೆಯ ಸರಾಸರಿಯೊಳಗೆ ಬಡ ತಾಲ್ಲೂಕು ಬಚ್ಚಿಟ್ಟುಕೊಳ್ಳುತ್ತದೆ, ಅದಕ್ಕೆ. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ, ಜನಸಂಖ್ಯೆ ಹೀಗೆ 35 ಸೂಚಕಗಳನ್ನು ಕೂಡಿಸಿ ಒಂದು ಸೂಚ್ಯಂಕ ಮಾಡಿದರು. ರಾಜ್ಯದ ಸರಾಸರಿ ಅಂದರೆ 1. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದದ್ದು. ಆಗ ರಾಜ್ಯದಲ್ಲಿದ್ದ ತಾಲ್ಲೂಕುಗಳು 175. ಅವುಗಳಲ್ಲಿ 114 ಸರಾಸರಿಗಿಂತ ಕೆಳಗೆ ಬಿದ್ದವು. 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ತೀರ ತಳದಲ್ಲಿದ್ದದ್ದು ರಾಯಚೂರು ಜಿಲ್ಲೆಯ ದೇವದುರ್ಗ.

ವರದಿಯ ಬಗ್ಗೆ ಮಾತಾಡುವಾಗ ಎಲ್ಲರೂ ಹೇಳುವುದು 39ರಲ್ಲಿ 26 ಉತ್ತರ ಕರ್ನಾಟಕದವು ಅಂತ. ಅದು ನಿಜ. ಕಲಬುರಗಿ ವಿಭಾಗವೊಂದರಲ್ಲೇ 21. ಆದರೆ ಉಳಿದ 13 ದಕ್ಷಿಣದವು ಅನ್ನೋದನ್ನು ಹೇಳುವವರು ಕಡಿಮೆ. ಬೆಂಗಳೂರಿನಿಂದ ಒಂದೆರಡು ಗಂಟೆ ದೂರದ ಮಾಗಡಿ, ಕನಕಪುರ, ಕುಣಿಗಲ್ ಕೂಡ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿದ್ದವು. ಪಾವಗಡ, ಮಧುಗಿರಿ, ಬಾಗೇಪಲ್ಲಿ, ಹೊಸದುರ್ಗ ಕೂಡ. ಒಟ್ಟು 114ರ ಲೆಕ್ಕ ತೆಗೆದರೆ ಉತ್ತರದಲ್ಲಿ 59, ದಕ್ಷಿಣದಲ್ಲಿ 55. ಹಾಗಾದರೆ ಇದನ್ನು ಬರೀ ಉತ್ತರ ದಕ್ಷಿಣದ ಜಗಳ ಅನ್ನೋಕಾಗುತ್ತದಾ? ನನಗೆ ಹಾಗನ್ನಿಸುವುದಿಲ್ಲ. ಉತ್ತರದಲ್ಲಿ ಪೆಟ್ಟು ಆಳ, ದಕ್ಷಿಣದಲ್ಲಿ ಅಲ್ಲಲ್ಲಿ. ಪೆಟ್ಟಂತೂ ಎರಡೂ ಕಡೆ ಇದೆ. ಮಹಾನಗರದ ಬೆಳಕು ಕನಕಪುರದವರೆಗೂ ತಾನಾಗಿಯೇ ಹರಿದು ಹೋಗಿರಲಿಲ್ಲ ಅಂದಮೇಲೆ, ದೇವದುರ್ಗದವರೆಗೆ ಹೋಗುತ್ತದೆ ಅಂತ ಕಾಯುವುದು ಹೇಗೆ?

ಸಮಿತಿ ಔಷಧಿಯನ್ನೂ ಬರೆದುಕೊಟ್ಟಿತ್ತು. ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ. ಅದರಲ್ಲಿ 16,000 ಕೋಟಿ ಹೆಚ್ಚುವರಿ ಹಣ, ಉಳಿದದ್ದು ಮಾಮೂಲಿ ಬಜೆಟ್ಟಿನಿಂದಲೇ. ವಿಶೇಷ ಅಭಿವೃದ್ಧಿ ಯೋಜನೆ ಅನ್ನೋ ಹೆಸರಿನಲ್ಲಿ ಇದು ಜಾರಿಗೆ ಬಂದಿದ್ದು 2007-08ರಲ್ಲಿ. ವರದಿಗೂ ಜಾರಿಗೂ ನಡುವೆ ಐದು ವರ್ಷ. ಎಂಟು ವರ್ಷದ ಅವಧಿ ಮುಗಿದ ಮೇಲೂ ಯೋಜನೆ ಮುಂದುವರಿಯಿತು, ಯಾಕೆಂದರೆ ಕೆಲಸ ಮುಗಿದಿರಲಿಲ್ಲ.

ಹಣ ಬಂದೇ ಇಲ್ಲ ಅನ್ನುವುದು ತಪ್ಪು. ಬಂದಿದೆ. ಆದರೆ ಬಜೆಟ್ಟಿನಲ್ಲಿ ಹಂಚಿದ್ದು ಒಂದು, ಬಿಡುಗಡೆಯಾಗಿದ್ದು ಇನ್ನೊಂದು, ಖರ್ಚಾಗಿದ್ದು ಮತ್ತೊಂದು. ಖರ್ಚಿನ ಸ್ವರೂಪವನ್ನೂ ನೋಡಬೇಕು. ಕಟ್ಟಡ ಕಟ್ಟುವುದು ಸುಲಭ. ಟೆಂಡರ್ ಕರೆದರೆ ಆಯಿತು. ಆ ಕಟ್ಟಡದೊಳಗೆ ಕೂರಬೇಕಾದ ಗಣಿತದ ಮೇಷ್ಟ್ರು, ಹೆರಿಗೆ ಡಾಕ್ಟರು, ಬೆಳೆಯ ರೋಗ ನೋಡಿ ಹೇಳುವ ಕೃಷಿ ಅಧಿಕಾರಿ ಟೆಂಡರಿನಿಂದ ಬರುವುದಿಲ್ಲ. ಬಂದವರೂ ವರ್ಗಾವಣೆಗೆ ಕಾಯುತ್ತಿರುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ತಮ್ಮ ಮಕ್ಕಳಿಗೆ ಒಳ್ಳೆ ಶಾಲೆ ಇಲ್ಲದ ಊರಿನಲ್ಲಿ ಯಾರು ತಾನೇ ಇರುತ್ತಾರೆ, ಅಲ್ವಾ? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಹತ್ತಿರ ಇತ್ತು. ದಕ್ಷಿಣ ಕನ್ನಡದಲ್ಲಿ ಶೇ 88 ದಾಟಿತ್ತು. ಮೇಷ್ಟ್ರಿಲ್ಲದ ಶಾಲೆಯಲ್ಲಿ ಕಲಿತ ಮಗು ಮುಂದೆ ಮೇಷ್ಟ್ರಾಗುವುದು ಕಷ್ಟ. ಹೀಗೆ ಕೊರತೆಯೇ ಕೊರತೆಯನ್ನು ಹೆರುತ್ತದೆ.

371ಜೆ ಕೇಳಿದ್ದು ಇದಕ್ಕೇ. ಹಳೇ ಹೈದರಾಬಾದಿನ ಭಾಗವೇ ಆಗಿದ್ದ ತೆಲಂಗಾಣಕ್ಕೆ ಸ್ಥಳೀಯರ ನೌಕರಿಯ ರಕ್ಷಣೆ ಸಂವಿಧಾನದ 32ನೇ ತಿದ್ದುಪಡಿಯಿಂದ 1973ರಲ್ಲೇ ಸಿಕ್ಕಿತ್ತು. ನಮ್ಮ ಭಾಗಕ್ಕೆ ಸಿಗಲು 98ನೇ ತಿದ್ದುಪಡಿಯವರೆಗೆ, ಅಂದರೆ 2012ರ ಕೊನೆಯವರೆಗೆ ಕಾಯಬೇಕಾಯಿತು. ಇದರ ಹಿಂದೆ ವೈಜನಾಥ ಪಾಟೀಲರಂಥವರ ದಶಕಗಳ ಹೋರಾಟವಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಆಗ ಇದರೊಳಗೆ ಬಂದವು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ 'ಎ' ಮತ್ತು 'ಬಿ' ಗುಂಪಿಗೆ ಶೇ 75, 'ಸಿ' ಗುಂಪಿಗೆ ಶೇ 80, 'ಡಿ' ಗುಂಪಿಗೆ ಶೇ 85 ಮೀಸಲು. ಇಲ್ಲಿನ ಕಾಲೇಜು ಸೀಟುಗಳಲ್ಲಿ ಶೇ 70. ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8.

ಇದರ ಬೆಲೆ ಗೊತ್ತಾಗಬೇಕಾದರೆ ಹರಪನಹಳ್ಳಿಯನ್ನು ನೋಡಬೇಕು. ಹಿಂದೆ ಬಳ್ಳಾರಿಯಲ್ಲಿದ್ದ ಈ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿತ್ತು. ಹಾಗಾಗಿ 371ಜೆ ಕೈತಪ್ಪಿತು. ಜನ ಹೋರಾಡಿ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿಸಿಕೊಂಡರು. ಜಿಲ್ಲೆಯ ಹೆಸರು ಬದಲಾಯಿಸಿದ್ದು ಮಕ್ಕಳ ಸೀಟಿಗಾಗಿ, ನೌಕರಿಗಾಗಿ. ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ, ಸೌಲಭ್ಯ ಉಳಿದಿದೆ.

2019ರಲ್ಲಿ ಈ ಜಿಲ್ಲೆಗಳಿಗಿದ್ದ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು. ಈ ಭಾಗದ ಅಭಿವೃದ್ಧಿ ಮಂಡಳಿಯ ವಾರ್ಷಿಕ ಅನುದಾನ 3,000 ಕೋಟಿಗೆ, ಆಮೇಲೆ 2023-24ಕ್ಕೆ 5,000 ಕೋಟಿಗೆ ಏರಿತು. ಬೆಳಗಾವಿಯಲ್ಲಿ 2012ರಲ್ಲೇ ಸುವರ್ಣ ವಿಧಾನಸೌಧ ತೆರೆದಿತ್ತು. ಧಾರವಾಡಕ್ಕೆ, ಕಲಬುರಗಿಗೆ ಹೈಕೋರ್ಟ್ ಪೀಠ ಬಂತು. ಧಾರವಾಡಕ್ಕೆ ಐಐಟಿ, ರಾಯಚೂರಿಗೆ ಐಐಐಟಿ, ಕಲಬುರಗಿಗೆ ಕೇಂದ್ರೀಯ ವಿಶ್ವವಿದ್ಯಾಲಯ, ವಿಮಾನ ನಿಲ್ದಾಣ. ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿದರೂ ಏಳಲಿಲ್ಲ.

ಇಷ್ಟೆಲ್ಲ ಆದರೂ ಬೆಂಗಳೂರಿನ ಬಸ್ಸು ಯಾಕೆ ತುಂಬಿರುತ್ತದೆ?

ನನಗೆ ಕಾಣುವ ಕಾರಣ ಇದು. ನಾವು ಹಳ್ಳಿಗೆ ಹಣ ಕಳಿಸಿದೆವು, ರಾಜಧಾನಿಯನ್ನು ಬೆಳೆಸಿದೆವು. ನಡುವಿನ ಊರನ್ನು ಮರೆತೆವು. ತಾಲ್ಲೂಕು ಕೇಂದ್ರ ಅಂದರೆ ನಮಗೆ ಪಹಣಿ ತರುವ ಜಾಗ, ಸಂತೆ ಮಾಡುವ ಜಾಗ. ದುಡಿಯುವ ಜಾಗ ಅಂತ ಯಾರೂ ಯೋಚಿಸಲಿಲ್ಲ. ಹಳ್ಳಿಯ ಹುಡುಗ ಪಿಯುಸಿ ಮುಗಿಸಿದರೆ ಅವನಿಗೆ ಹತ್ತಲು ಮೊದಲ ಮೆಟ್ಟಿಲೇ ಇಲ್ಲ. ನೇರವಾಗಿ ನಾನೂರು, ಐನೂರು ಕಿಲೋಮೀಟರ್ ಹಾರಬೇಕು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. 2021-22ರಲ್ಲಿ ಅಲ್ಲಿನ ತಲಾ ಆದಾಯ ಕಲಬುರಗಿಯ ಸುಮಾರು ಐದು ಪಟ್ಟು ಇತ್ತು.

ನಡುವಿನ ಊರು ಬೆಳೆದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಗಂಗಾವತಿ, ಸಿಂಧನೂರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂತು, ಭತ್ತ ಬಂತು. ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ಲಾರಿ, ಗ್ಯಾರೇಜು, ಬ್ಯಾಂಕು, ಗೊಬ್ಬರದಂಗಡಿ, ಕಾಲೇಜು. ಯಾವ ಸೂಚ್ಯಂಕವೂ ಹೇಳಿಕೊಡದೆ ಎರಡು ಊರು ಎದ್ದು ನಿಂತವು. ಹೊಲದಲ್ಲಿ ಬೆಳೆದದ್ದು ಅಲ್ಲೇ ಹತ್ತಿರದ ಪೇಟೆಯಲ್ಲಿ ಅಕ್ಕಿಯಾಯಿತು. ಅಷ್ಟೇ ಗುಟ್ಟು.

ಆದರೆ ಅದೇ ಕಾಲುವೆಯ ಇನ್ನೊಂದು ತುದಿಗೂ ಹೋಗಬೇಕು. ಈ ಯೋಜನೆಯನ್ನು ರೂಪಿಸಿದ್ದು ಬಹುಪಾಲು ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೊನೇ ಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ಹೆಚ್ಚುಕಡಿಮೆ ಪ್ರತಿ ವರ್ಷ ನೀರಿಗಾಗಿ ರಸ್ತೆಗಿಳಿಯುತ್ತಾರೆ. ಕಾಲುವೆಯ ತಳ ಬಿರುಕು ಬಿಟ್ಟಿರುತ್ತದೆ, ಬದುವಿನ ಮೇಲೆ ಹತ್ತಿ ಬಾಡಿರುತ್ತದೆ. ಜಲಾಶಯದಲ್ಲಿ ಹೂಳು ತುಂಬಿ, ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105 ಟಿಎಂಸಿ. ವರ್ಷಗಟ್ಟಲೆ ನೀರು ನಿಂತ ಭೂಮಿ ಸವಳಾಗುತ್ತಿದೆ. ಬೆಳವಣಿಗೆ ಬೇಕು ಅನ್ನುವಾಗ ಇದನ್ನು ಬಿಟ್ಟು ಮಾತಾಡುವಂತಿಲ್ಲ. ಸಿಂಧನೂರಿನ ಅಕ್ಕಿಯ ಲೆಕ್ಕದಲ್ಲಿ ಸಿರವಾರದ ಒಣ ಕಾಲುವೆಯೂ ಸೇರಬೇಕು.

ಜೋಳ, ತೊಗರಿ, ಕಡಲೆ ಇಲ್ಲಿನ ಕರಿಮಣ್ಣಿಗೆ ಒಗ್ಗಿದ ಬೆಳೆಗಳು. ಕಲಬುರಗಿಯನ್ನು ತೊಗರಿ ಕಣಜ ಅಂತ ಸುಮ್ನೆ ಕರೆಯುವುದಿಲ್ಲ. ಅಲ್ಲಿನ ತೊಗರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಜೇವರ್ಗಿಯಲ್ಲಿ, ಸೇಡಂನಲ್ಲಿ, ದೇವದುರ್ಗದಲ್ಲಿ ಸಣ್ಣ ಸಣ್ಣ ಬೇಳೆ ಮಿಲ್ಲುಗಳು, ಗೋದಾಮುಗಳು ಹೆಚ್ಚಾದರೆ ಗಂಗಾವತಿಗೆ ಆದದ್ದು ಕಡಿಮೆ ನೀರಿನಲ್ಲೂ ಆಗಬಹುದು. ಇದು ನನ್ನ ಅನಿಸಿಕೆ, ಆದರೆ ಗಟ್ಟಿ ಅನಿಸಿಕೆ.

2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಿತು. ಅದಕ್ಕೆ ವಹಿಸಿದ ಕೆಲಸ ನಂಜುಂಡಪ್ಪ ಅವರ ಕಾಲಕ್ಕಿಂತ ಜಟಿಲ. ಆಗ 175 ಇದ್ದ ತಾಲ್ಲೂಕುಗಳು ಈಗ 230 ದಾಟಿವೆ. ಹಳೇ ಅಂಕಿ ಹೊಸ ಗಡಿಗೆ ಕೂಡುವುದಿಲ್ಲ. ಸುರಪುರವನ್ನೇ ತೆಗೆದುಕೊಳ್ಳಿ. ಅದರಿಂದ ಹುಣಸಗಿ ಬೇರೆಯಾಗಿದೆ. ನಾರಾಯಣಪುರ ಅಣೆಕಟ್ಟು ಇರುವುದು ಹುಣಸಗಿ ಕಡೆ. ಕಾಲುವೆ ಶುರುವಾಗುವುದು ಅಲ್ಲಿಂದ. 2002ರಲ್ಲಿ ಎರಡೂ ಸೇರಿ ಒಂದೇ ಅಂಕಿಯಾಗಿತ್ತು, ಈಗ ಎರಡಾಗಿ ಅಳೆಯಬೇಕು. ನೀರು ಕಂಡ ಊರು ಯಾವುದು, ಕಾಣದ ತಾಂಡಾ ಯಾವುದು ಅಂತ ಬಿಡಿಸಿ ನೋಡಬೇಕು. ಜೊತೆಗೆ 35 ಸೂಚಕಗಳ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಿದರೆ ಒಳ್ಳೆಯದಿತ್ತು: ದೀಪಾವಳಿಯಿಂದ ಯುಗಾದಿಯವರೆಗೆ ಆ ತಾಲ್ಲೂಕಿನಲ್ಲಿ ಎಷ್ಟು ಮನೆಗೆ ಬೀಗ ಬಿದ್ದಿರುತ್ತದೆ?